ಯಂತ್ರದ ಪ್ಯಾನೆಲ್‌ಗೆ ಎಂಥ ಪರದೆ ಬೇಕು?



ಜೋಡಿ ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ನೀವು ಏನೇನು ನೋಡುತ್ತೀರಿ? ಹಲ್ಲು ಎಣಿಸುತ್ತೀರಿ, ಗೊರಸು ತಟ್ಟುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗಿ ಹಣ ಎಣಿಸಿ ಕೊಡುವ ರೈತನು ನಮ್ಮಲ್ಲಿ ಇಲ್ಲ. ಆದರೆ ಊರಿನ ಹಾಲಿನ ಸಂಘಕ್ಕೋ ಅಕ್ಕಿ ಗಿರಣಿಗೋ ಎಣ್ಣೆಯ ಗಾಣಕ್ಕೋ ಹೊಸ ಯಂತ್ರ ತರಿಸುವಾಗ ಅದೇ ರೈತನು, ಕಂಟ್ರೋಲ್ ಪ್ಯಾನೆಲ್‌ನ ಬಾಗಿಲ ಮೇಲೆ ಹೊಳೆಯುವ ಬಣ್ಣದ ಪರದೆಯನ್ನು ಕಂಡು ತಲೆದೂಗಿಬಿಡುತ್ತಾನೆ. ಪರದೆಗೂ ಹಲ್ಲುಂಟು, ಗೊರಸುಂಟು. ಅವನ್ನು ನೋಡುವುದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಸಲಾಗಿದೆ.

ಮೊದಲು ನಾನು ಕಣ್ಣಾರೆ ಕಂಡ ಒಂದು ನಷ್ಟದ ಸಂಗತಿ. ಊರಿನ ಹೆಸರು ಬೇಡ. ಅಲ್ಲಿಯ ಹಾಲು ಉತ್ಪಾದಕರ ಸಂಘದಲ್ಲಿ ಹಾಲನ್ನು ತಣ್ಣಗೆ ಇಡುವ ದೊಡ್ಡ ತೊಟ್ಟಿ, ಅಂದರೆ ನಾವೆಲ್ಲ ಬಿ.ಎಂ.ಸಿ. ಎಂದು ಕರೆಯುವ ಯಂತ್ರ, ಇತ್ತು. ಅದರ ಪ್ಯಾನೆಲ್‌ಗೆ ಅಂದವಾದ ಟಚ್ ಸ್ಕ್ರೀನ್. ಬೆಳಗಿನ ಹಾಲು ತಣಿದು 4.2 ಡಿಗ್ರಿಗೆ ಬಂದು ನಿಂತಿತ್ತು. ಸಂಜೆ ಮನೆಮನೆಯ ಹಾಲು ಬಂದಿತು, ತೊಟ್ಟಿಗೆ ಸುರಿದರು. ಕಾರ್ಯದರ್ಶಿಗಳು ಪರದೆಯನ್ನು ನೋಡಿದರು. 4.2 ಎಂದೇ ಇತ್ತು. ಬಾಗಿಲು ಹಾಕಿಕೊಂಡು ಮನೆಗೆ ಹೋದರು. ಬೆಳಗ್ಗೆ ಟ್ಯಾಂಕರಿನವನು ಮುಚ್ಚಳ ತೆಗೆದಾಗ ಹುಳಿವಾಸನೆ ಮೂಗಿಗೆ ಬಡಿಯಿತು. ಅಷ್ಟೂ ಹಾಲು ಚರಂಡಿಯ ಪಾಲಾಯಿತು.

ಆದದ್ದಿಷ್ಟೆ. ಮಧ್ಯಾಹ್ನವೇ ನಿಯಂತ್ರಕದ, ಅಂದರೆ ಪ್ಯಾನೆಲ್‌ನ ಒಳಗಿರುವ ‘ಮೆದುಳಿ’ನ, ಫ್ಯೂಸ್ ಸುಟ್ಟಿತ್ತು. ಕಾಂಪ್ರೆಸರ್ ನಿಂತಿತ್ತು, ಹಾಲು ಕಲಕುವ ರೆಕ್ಕೆಯೂ ನಿಂತಿತ್ತು. ಪರದೆಗೆ ಮಾತ್ರ ಬೇರೆ ಕಡೆಯಿಂದ ವಿದ್ಯುತ್ತು ಬರುತ್ತಿದ್ದುದರಿಂದ ಅದು ದೀಪದಂತೆ ಉರಿಯುತ್ತಲೇ ಇತ್ತು. ನಿಯಂತ್ರಕದಿಂದ ಹೊಸ ಸುದ್ದಿ ಬಾರದಿದ್ದಾಗ ಅದು ಹಳೆಯ ಸುದ್ದಿಯನ್ನೇ ತೋರಿಸುತ್ತಾ ಕುಳಿತಿತು. ಕರೆದ ಹಾಲು ತೊಟ್ಟಿಗೆ ಬರುವಾಗ ಸುಮಾರು 35 ಡಿಗ್ರಿ ಬಿಸಿ ಇರುತ್ತದೆ. ಅಷ್ಟು ಬೆಚ್ಚನೆಯ ಹಾಲು ಸುರಿದರೂ ಅಂಕಿ ಒಂದಿಷ್ಟೂ ಅಲುಗಲಿಲ್ಲವಲ್ಲ ಎಂಬುದೇ ಅನುಮಾನಕ್ಕೆ ಸಾಕಾಗಿತ್ತು. ಆದರೆ ಕಾರ್ಯದರ್ಶಿಗಳನ್ನು ದೂರಿ ಫಲವಿಲ್ಲ. ಯಂತ್ರವು ಸುಳ್ಳು ಹೇಳೀತೆಂದು ಯಾರೂ ಅವರಿಗೆ ತಿಳಿಸಿರಲಿಲ್ಲ.

ಆದ್ದರಿಂದ ಮೊದಲು ತಿಳಿಯತಕ್ಕ ಅಂಶವೆಂದರೆ, ಪರದೆಯೇ ಯಂತ್ರವಲ್ಲ. ತೊಟ್ಟಿಯಲ್ಲಿ ಮುಳುಗಿರುವ ಉಷ್ಣಮಾಪಕ ಕಡ್ಡಿಯು ಬಿಸಿಯನ್ನು ಅಳೆಯುತ್ತದೆ. ನಿಯಂತ್ರಕವು ಅದನ್ನು ಓದಿಕೊಂಡು ಕಾಂಪ್ರೆಸರನ್ನು ನಡೆಸುತ್ತದೆ, ನಿಲ್ಲಿಸುತ್ತದೆ. ಪರದೆಯು ನಿಯಂತ್ರಕ ಹೇಳಿದ್ದನ್ನು ನಮಗೆ ಒಪ್ಪಿಸುತ್ತದೆ, ನಾವು ಬೆರಳಿಟ್ಟು ಹೇಳಿದ್ದನ್ನು ಅದಕ್ಕೆ ಮುಟ್ಟಿಸುತ್ತದೆ. ಊರ ತಳವಾರನ ಕೆಲಸ, ಅಷ್ಟೆ. ತಳವಾರನು ನಿನ್ನೆಯ ಸುದ್ದಿಯನ್ನೇ ಇವತ್ತಿನದೆಂದು ಸಾರಿದರೆ ಊರಿಗೆ ಕೇಡು.

ಇಂಥ ತಪ್ಪು ನಮ್ಮ ಹಳ್ಳಿಗಳಲ್ಲಿ ಮಾತ್ರ ಆಗುವುದೆಂದು ತಿಳಿಯಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತ್ರೀ ಮೈಲ್ ಐಲೆಂಡ್ ಎಂಬ ಅಣುವಿದ್ಯುತ್ ಸ್ಥಾವರವಿದೆ. 1979ರ ಮಾರ್ಚ್ 28ರಂದು ಅಲ್ಲಿಯ ಒಂದು ಕವಾಟ ತೆರೆದುಕೊಂಡು ಮತ್ತೆ ಮುಚ್ಚದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪವು ಮಾತ್ರ ಕವಾಟ ಮುಚ್ಚಿದೆಯೆಂಬಂತೆ ಕಾಣಿಸಿತು. ಏಕೆಂದರೆ ಆ ದೀಪವನ್ನು ಜೋಡಿಸಿದ್ದುದು ಕವಾಟಕ್ಕೆ ಅಲ್ಲ, ‘ಮುಚ್ಚು’ ಎಂಬ ಅಪ್ಪಣೆಯ ತಂತಿಗೆ. ಅಪ್ಪಣೆ ಹೋಗಿತ್ತು, ಕೆಲಸ ಆಗಿರಲಿಲ್ಲ. ಗಂಟೆಗಟ್ಟಲೆ ಇದು ತಿಳಿಯದೆ ಒಲೆಯನ್ನು ತಣಿಸುವ ನೀರು ಸೋರಿಹೋಗಿ, ಅಣು ಇಂಧನದ ಸುಮಾರು ಅರ್ಧ ಭಾಗ ಕರಗಿತು.

ನಿಮ್ಮ ಪ್ಯಾನೆಲ್‌ನಲ್ಲಿ ‘ಮೋಟಾರ್ ಓಡುತ್ತಿದೆ’ ಎಂದು ಹಸಿರು ಗುರುತು ಬಂದರೆ, ಅದು ಅಪ್ಪಣೆಯ ಗುರುತೋ ಕೆಲಸದ ಗುರುತೋ ಎಂದು ಕೇಳಿರಿ. ಕಾಂಟ್ಯಾಕ್ಟರ್ ನಿಜವಾಗಿ ಕೂಡಿಕೊಂಡಿತೆಂದು ಅದರ ಪಕ್ಕದ ಸಣ್ಣ ಸಂಪರ್ಕದಿಂದ ತಂತಿ ಬಂದಿರಬೇಕು. ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆಯೆಂಬ ಅಂಕಿಯೂ ಪರದೆಯಲ್ಲಿದ್ದರೆ ಇನ್ನೂ ಮೇಲು. ಬಾವಿ ಬತ್ತಿ ಪಂಪು ಬರಿದೇ ತಿರುಗುತ್ತಿದ್ದರೆ ಆಂಪಿಯರ್ ಇಳಿಯುತ್ತದೆ, ಏನಾದರೂ ಸಿಕ್ಕಿ ಬಿಗಿದಿದ್ದರೆ ಏರುತ್ತದೆ. ಇದು ಕೊಳವೆ ಬಾವಿಯ ಎಲ್ಲ ರೈತರಿಗೂ ಗೊತ್ತಿರುವ ಮಾತು.

ಎರಡನೆಯದಾಗಿ, ಪರದೆಗೂ ನಿಯಂತ್ರಕಕ್ಕೂ ನಡುವೆ ಇರುವ ತಂತಿ ಕಡಿದರೆ ಅಥವಾ ನಿಯಂತ್ರಕವೇ ಸತ್ತರೆ, ಅಂಕಿ ಇರುವ ಜಾಗದಲ್ಲಿ ಬರೀ ಗೀಟುಗಳು ಬರಬೇಕು, ‘ಸಂಪರ್ಕ ತಪ್ಪಿದೆ’ ಎಂಬ ಬರಹ ದೊಡ್ಡದಾಗಿ ಮೂಡಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ, ಪರದೆಯ ಕ್ರಮವಿಧಿಯನ್ನು ಬರೆಯುವವನು ಮನಸ್ಸು ಮಾಡಬೇಕು, ಅಷ್ಟೆ. ಕೆಲವರು ‘ಗಡಿಯಾರದ ಸೆಕೆಂಡು ಓಡುತ್ತಿದೆಯಲ್ಲ, ಪರದೆ ಸರಿಯಾಗಿದೆ’ ಎನ್ನುತ್ತಾರೆ. ಆ ಗಡಿಯಾರ ಪರದೆಯ ಸ್ವಂತದ್ದಾಗಿರಬಹುದು. ಅದು ಓಡಿದ ಮಾತ್ರಕ್ಕೆ ನಿಯಂತ್ರಕ ಬದುಕಿದೆಯೆಂದು ಅರ್ಥವಲ್ಲ. ಯಂತ್ರವನ್ನು ವಶಕ್ಕೆ ತೆಗೆದುಕೊಳ್ಳುವ ದಿನ, ಮಾರಿದವನಿಂದಲೇ ಆ ತಂತಿಯನ್ನು ಕಳಚಿಸಿ ನೋಡಿರಿ. ಅಂಕಿ ಹಾಗೆಯೇ ನಿಂತರೆ, ಸರಿಪಡಿಸಿಕೊಡುವ ತನಕ ರುಜು ಹಾಕಕೂಡದು. ಇದಲ್ಲದೆ, ವಿದ್ಯುತ್ತಿನ ಹಂಗಿಲ್ಲದ ಮುಳ್ಳಿನ ಉಷ್ಣಮಾಪಕ ಒಂದನ್ನು ತೊಟ್ಟಿಗೆ ಬೇರೆಯಾಗಿ ಹಾಕಿಸಿಕೊಳ್ಳುವುದು ಒಳ್ಳೆಯದು. ಮುಳ್ಳು ಹೇಳುವುದೂ ಪರದೆ ಹೇಳುವುದೂ ಹೊಂದದಿದ್ದರೆ ಆ ಕ್ಷಣವೇ ಎಚ್ಚರವಾಗುತ್ತದೆ.

ಇನ್ನು ಬೆರಳಿನ ವಿಷಯ. ಟಚ್ ಸ್ಕ್ರೀನ್ ಎಂಬುದು ಇಂದು ನಿನ್ನೆಯದಲ್ಲ. 1965ರಲ್ಲೇ ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿಯ ರೇಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಎಂಬವರು ಬೆರಳು ಮುಟ್ಟಿದ್ದನ್ನು ಅರಿಯುವ ಪರದೆಯನ್ನು ವಿವರಿಸಿ ಬರೆದಿದ್ದರು. ಜಿನೀವಾ ಬಳಿಯ ಸರ್ನ್ ಎಂಬ ಪ್ರಯೋಗಾಲಯವು 1976ರಲ್ಲಿ ತನ್ನ ಮೈಲಿಗಟ್ಟಲೆ ಸುತ್ತಳತೆಯ ಯಂತ್ರವನ್ನು ಇಂಥ ಪರದೆಗಳಿಂದಲೇ ನಡೆಸತೊಡಗಿತು. ಇಂದು ಮಾರುಕಟ್ಟೆಯಲ್ಲಿ ಯಂತ್ರಗಳಿಗೆ ಸಿಗುವುದು ಮುಖ್ಯವಾಗಿ ಎರಡು ಜಾತಿ. ಎರಡರ ಗುಣವೂ ಬೇರೆ ಬೇರೆ. ಇಲ್ಲಿ ತಪ್ಪಿದರೆ ದಿನವೂ ಪಡಬೇಕಾದ ಪಾಡಾಗುತ್ತದೆ.

ಒಂದು, ಒತ್ತುವ ಜಾತಿ. ಇದಕ್ಕೆ ರೆಸಿಸ್ಟಿವ್ ಎಂದು ಹೆಸರು. ಮೇಲೊಂದು ತೆಳುವಾದ ಪ್ಲಾಸ್ಟಿಕ್ ಹಾಳೆ, ಕೆಳಗೊಂದು ಗಾಜು, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳಿಂದ ಆದ ಸಂದು. ಒತ್ತಿದ ಕಡೆ ಎರಡೂ ಕೂಡಿಕೊಂಡು ವಿದ್ಯುತ್ತು ಹರಿಯುತ್ತದೆ. ಇದಕ್ಕೆ ಬೆರಳೇ ಆಗಬೇಕೆಂದಿಲ್ಲ. ಒದ್ದೆ ಕೈ, ಎಣ್ಣೆ ಕೈ, ರಬ್ಬರ್ ಕೈಚೀಲ, ಪೆನ್ನಿನ ಹಿಂಬದಿ, ಯಾವುದರಿಂದ ಒತ್ತಿದರೂ ಕೇಳುತ್ತದೆ. ಇದರ ದೋಷವೆಂದರೆ ಮೇಲಿನ ಹಾಳೆ ಗೀಚಿಕೊಳ್ಳುತ್ತದೆ. ಮಣ್ಣು ಮೆತ್ತಿದ ಬೆರಳಿನಿಂದಲೂ ಉಗುರಿನಿಂದಲೂ ಒತ್ತಿ ಒತ್ತಿ, ಹೆಚ್ಚಾಗಿ ಬಳಸುವ ಗುಂಡಿಯ ಜಾಗ ಕೆಲವು ವರ್ಷಗಳಲ್ಲಿ ಸವೆದು ಮಂಕಾಗುತ್ತದೆ. ಹಾಳೆಯ ಮೂಲಕ ಬರುವುದರಿಂದ ಬೆಳಕೂ ಸ್ವಲ್ಪ ಕಡಮೆ.

ಇನ್ನೊಂದು, ಮುಟ್ಟುವ ಜಾತಿ, ಕೆಪಾಸಿಟಿವ್. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನದು ಇದೇ. ಮೇಲೆ ಗಟ್ಟಿಯಾದ ಗಾಜು. ಒತ್ತಬೇಕಾಗಿಲ್ಲ, ನಮ್ಮ ಮೈಯಲ್ಲಿ ವಿದ್ಯುತ್ತು ಸಾಗಬಲ್ಲದಾದ್ದರಿಂದ, ಬೆರಳು ತಾಗಿದೊಡನೆ ಗಾಜಿನ ಅಡಿಯ ವಿದ್ಯುತ್ ಕ್ಷೇತ್ರ ಬದಲಾಗಿ ಅದಕ್ಕೆ ತಿಳಿಯುತ್ತದೆ. ಚಿತ್ರ ನಿಚ್ಚಳ, ಗೀಚುವ ಭಯ ಕಡಮೆ, ತಿಕ್ಕಿ ಒರೆಸಬಹುದು. ಆದರೆ ಮಳೆಯಲ್ಲಿ ನೆನೆದ ಫೋನು ತಾನೇ ತಾನಾಗಿ ಏನೇನೋ ತೆರೆಯುವುದನ್ನು ನೀವು ಕಂಡೇ ಇರುತ್ತೀರಿ. ನೀರಿನ ಹನಿಯನ್ನೂ ಅದು ಬೆರಳೆಂದು ಭ್ರಮಿಸುತ್ತದೆ. ದಪ್ಪ ಕೈಚೀಲ ಹಾಕಿ ಮುಟ್ಟಿದರೆ ಕೇಳುವುದಿಲ್ಲ. ಕೈಚೀಲಕ್ಕೂ ನೀರಿಗೂ ಹೊಂದುವಂತೆ ಮಾಡಿದ ಉತ್ತಮ ದರ್ಜೆಯವೂ ಸಿಗುತ್ತವೆ, ಆದರೆ ಬೆಲೆ ಹೆಚ್ಚು. ಇನ್ನೊಂದು ಮಾತನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಕಡೆ, ಮೋಟಾರಿನ ವೇಗ ಬದಲಿಸುವ ಡ್ರೈವ್ ಪಕ್ಕದಲ್ಲೇ ಇದ್ದರೆ, ಆ ಗಲಭೆಯಿಂದ ಯಾರೂ ಮುಟ್ಟದಿದ್ದರೂ ಮುಟ್ಟಿದಂತೆ ಆಗುವುದುಂಟು. ನಮ್ಮ ಕಡೆ ಅರ್ಥಿಂಗ್ ಗುಂಡಿಗೆ ಬೇಸಗೆಯಲ್ಲಿ ಒಂದು ಕೊಡ ನೀರು ಹಾಕುವವರು ಎಷ್ಟು ಮಂದಿ ಇದ್ದಾರೆಂಬುದನ್ನು ನೀವೇ ಹೇಳಿರಿ.

ಹಾಲಿನ ಕೋಣೆಯಲ್ಲಿ ಕೈ ಒಣಗಿರುವ ಗಳಿಗೆಯೇ ಇಲ್ಲ. ಕ್ಯಾನು ತೊಳೆಯುವ ನೀರು, ತೊಟ್ಟಿಗೆ ಬಿಡುವ ಪೈಪಿನ ನೀರು, ಎಲ್ಲೆಲ್ಲೂ ನೀರು. ಅಲ್ಲಿಗೆ ಒತ್ತುವ ಜಾತಿಯೇ ಲೇಸು, ಹಾಳೆ ಸವೆದರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ಕಿ ಗಿರಣಿಯ ಬಣ್ಣ ಆರಿಸುವ ಯಂತ್ರಕ್ಕೆ, ಶೀತಗೃಹದ ಆಫೀಸು ಕೋಣೆಗೆ ಮುಟ್ಟುವ ಗಾಜು ಚೆನ್ನಾಗಿ ಹೊಂದುತ್ತದೆ. ಅಲ್ಲಿ ಧೂಳುಂಟು, ನೀರಿಲ್ಲ.

ಎಲ್ಲಕ್ಕೂ ಟಚ್ ಬೇಕೆಂಬ ಹಟವೂ ಬೇಡ. ಒಂದೇ ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ, ವೋಲ್ಟೇಜು ಆಂಪಿಯರ್ ತೋರಿಸುವ ಕೆಂಪಂಕಿಯ ಎಲ್.ಇ.ಡಿ. ಮೀಟರೂ ಹಸಿರು ಕೆಂಪು ಗುಂಡಿಗಳೂ ಸಾಕು. ಅದು ಬಿಸಿಲಿನ ತಾಪಕ್ಕೆ ಬೇಗ ಕೆಡುವುದಿಲ್ಲ, ಕೆಟ್ಟರೂ ಪೇಟೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಎರಡು ಮೂರು ಕಾಂಪ್ರೆಸರುಗಳಿದ್ದು, ಹೊತ್ತು ಹೊತ್ತಿನ ಉಷ್ಣತೆಯ ದಾಖಲೆ ಇಡಬೇಕಾಗಿದ್ದಾಗ, ಹನಿ ನೀರಾವರಿಯಲ್ಲಿ ಹತ್ತಾರು ವಾಲ್ವುಗಳಿಗೆ ಬೇರೆ ಬೇರೆ ಗೊಬ್ಬರದ ಲೆಕ್ಕ ಕೊಡಬೇಕಾದಾಗ, ಆಗ ಪರದೆಯು ತನ್ನ ಕೂಲಿಯನ್ನು ದುಡಿದು ಕೊಡುತ್ತದೆ.

ಪರದೆ ಇದ್ದರೂ, ನಡೆಸುವ ಮತ್ತು ನಿಲ್ಲಿಸುವ ಗುಂಡಿಗಳು ಕೈಗೆ ಸಿಗುವ ನಿಜವಾದ ಗುಂಡಿಗಳಾಗಿಯೇ ಇರಲಿ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆ ಎಣ್ಣೆ ಸಾಗಿಸುವ ಹಡಗಿಗೆ ಢಿಕ್ಕಿ ಹೊಡೆದು 10 ಮಂದಿ ನಾವಿಕರು ಸತ್ತರು. ಆ ನೌಕೆಯ ಚುಕ್ಕಾಣಿಯನ್ನೂ ವೇಗವನ್ನೂ ಟಚ್ ಸ್ಕ್ರೀನಿನಿಂದ ನಡೆಸುತ್ತಿದ್ದರು. ಯಾವ ಪರದೆಯ ಕೈಯಲ್ಲಿ ಯಾವ ಅಧಿಕಾರವಿದೆಯೆಂಬುದೇ ಆ ಗಳಿಗೆಯಲ್ಲಿ ನಡೆಸುವವರಿಗೆ ತಿಳಿಯದೆ ಹೋಯಿತು. ಅವರಿಗೆ ಸಾಕಷ್ಟು ತರಬೇತಿಯೂ ಆಗಿರಲಿಲ್ಲ. ತನಿಖೆಯ ತರುವಾಯ 2019ರಲ್ಲಿ ಅಲ್ಲಿಯ ನೌಕಾದಳವು ವೇಗದ ಹತೋಟಿಗೆ ಮತ್ತೆ ಹಿಡಿಗಳನ್ನೇ ಹಾಕಲು ತೀರ್ಮಾನಿಸಿತು. ಹಿಡಿಯನ್ನು ಕತ್ತಲೆಯಲ್ಲೂ ತಡವಿ ಹಿಡಿಯಬಹುದು, ಎಲ್ಲಿಯವರೆಗೆ ತಳ್ಳಿದೆಯೆಂಬುದು ಅಂಗೈಗೇ ತಿಳಿಯುತ್ತದೆ.

ಕಬ್ಬಿನ ಗಾಣಕ್ಕೆ ಕೈ ಸಿಕ್ಕಿದಾಗ, ಒಕ್ಕುವ ಯಂತ್ರಕ್ಕೆ ಸೆರಗು ಸಿಕ್ಕಿದಾಗ, ಪರದೆಯಲ್ಲಿ ಪುಟ ತಿರುವಿ ‘ನಿಲ್ಲಿಸು’ ಎಂಬುದನ್ನು ಹುಡುಕಲು ಆಗುವುದಿಲ್ಲ. ಆದಕಾರಣ ಹಳದಿ ಹಿನ್ನೆಲೆಯ ಮೇಲೆ ಅಣಬೆಯಾಕಾರದ ಕೆಂಪು ಗುಂಡಿ ಇರಲೇಬೇಕು. ಅದರ ತಂತಿ ಪರದೆಯ ಮೂಲಕ ಹೋಗಕೂಡದು, ನೇರವಾಗಿ ಕಾಂಟ್ಯಾಕ್ಟರಿನ ಸುರುಳಿಯ ವಿದ್ಯುತ್ತನ್ನು ಕಡಿಯಬೇಕು. ಒಮ್ಮೆ ಒತ್ತಿದರೆ ಒತ್ತಿದಂತೆಯೇ ನಿಲ್ಲಬೇಕು, ತಿರುಗಿಸಿ ಬಿಡಿಸುವ ತನಕ ಯಂತ್ರ ಮತ್ತೆ ಹೊರಡಕೂಡದು. ಬಿಡಿಸಿದ ಕೂಡಲೇ ತಾನಾಗಿ ಹೊರಡಲೂ ಕೂಡದು, ಬೇರೆಯಾಗಿ ಸ್ಟಾರ್ಟ್ ಒತ್ತಬೇಕು. ಈ ವಿಷಯದಲ್ಲಿ ಚೌಕಾಶಿ ಸಲ್ಲದು.

ಬಿಸಿಲು ಮತ್ತು ನೀರಿನ ವಿಷಯಕ್ಕೆ ಬರೋಣ. ಪರದೆಯ ಬೆಳಕನ್ನು ‘ನಿಟ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಳಾಂಗಣದ ಸಾಮಾನ್ಯ ಪರದೆ 250ರಿಂದ 400 ನಿಟ್ ಇರುತ್ತದೆ. ಬಯಲಿನ ಬಿಸಿಲಿನಲ್ಲಿ ಓದಲು 1000 ನಿಟ್‌ನಷ್ಟಾದರೂ ಬೇಕು, ಅದಕ್ಕೆ ಬೆಲೆಯೂ ಹೆಚ್ಚು, ಕಾವೂ ಹೆಚ್ಚು. ನಾನಾದರೆ ಹಣ ಸುರಿಯುವ ಮೊದಲು ಪ್ಯಾನೆಲನ್ನು ಬಾಗಿಲಿನ ಎದುರು ಬಿಟ್ಟು ಪಕ್ಕದ ಗೋಡೆಗೆ ಸರಿಸುತ್ತೇನೆ, ಮೇಲೊಂದು ತಗಡಿನ ಚಾವಣಿ ಹೊಡೆಸುತ್ತೇನೆ. ನೇರ ಬಿಸಿಲಿಗೆ ಸಿಕ್ಕಿದ ಎಲ್.ಸಿ.ಡಿ. ಪರದೆ ಕಾದು ಕಪ್ಪಾಗಿಬಿಡುವುದುಂಟು. ತಣ್ಣಗಾದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಪದೇ ಪದೇ ಹಾಗಾದರೆ ಆಯುಸ್ಸು ಕುಗ್ಗುತ್ತದೆ.

ನೀರು ಧೂಳುಗಳಿಗೆ ‘ಐಪಿ’ ಎಂಬ ಗುರುತಿದೆ. ಐಪಿ 65 ಎಂದರೆ ಮೊದಲ ಅಂಕಿ 6, ಧೂಳು ಒಳಗೆ ಹೋಗದು. ಎರಡನೆಯ ಅಂಕಿ 5, ಪೈಪಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಆದರೆ ಈ ಮಾತು ಪರದೆಯ ಮುಖಕ್ಕೆ ಮಾತ್ರ ಅನ್ವಯಿಸುತ್ತದೆ. ಅದರ ಬೆನ್ನಿಗೆ ಆ ರಕ್ಷಣೆಯಿಲ್ಲ. ಪರದೆಯ ಸುತ್ತಲ ರಬ್ಬರ್ ಪಟ್ಟಿ ಸೊಟ್ಟಗೆ ಕುಳಿತರೆ, ತಂತಿ ಬರುವ ರಂಧ್ರಗಳನ್ನು ಮುಚ್ಚದೆ ಬಿಟ್ಟರೆ, ಪೆಟ್ಟಿಗೆಯ ಬಾಗಿಲನ್ನು ಗಾಳಿಯಾಡಲೆಂದು ತೆರೆದಿಟ್ಟರೆ, ಐಪಿ 65 ಕಾಗದದಲ್ಲೇ ಉಳಿಯುತ್ತದೆ. ನೀರಿಗಿಂತ ಮೊದಲು ಹಲ್ಲಿ ಹೋಗುತ್ತದೆ, ಇರುವೆ ಹೋಗುತ್ತದೆ. ಒಂದು ಹಲ್ಲಿ ಸತ್ತು ಸಂಪರ್ಕಗಳ ನಡುವೆ ಬಿದ್ದು ಇಡೀ ಪ್ಯಾನೆಲ್ ನಿಲ್ಲುವುದನ್ನು ಯಾವ ಎಲೆಕ್ಟ್ರಿಷಿಯನ್ನನ್ನು ಕೇಳಿದರೂ ಹೇಳಿಯಾನು.

ಪರದೆಯ ಹಿಂದಿನ ದೀಪಕ್ಕೆ ಆಯುಸ್ಸುಂಟು. 50,000 ಗಂಟೆ ಎಂದು ಬರೆದಿದ್ದರೆ, ಅಷ್ಟು ಹೊತ್ತು ಉರಿದಾಗ ಬೆಳಕು ಅರ್ಧಕ್ಕಿಳಿಯುವುದೆಂದು ಅರ್ಥ. ಹಗಲಿರುಳು ಉರಿದರೆ ಇದು ಸುಮಾರು 5 ವರ್ಷ 8 ತಿಂಗಳು. ದಿನಕ್ಕೆ 8 ಗಂಟೆಯಾದರೆ 17 ವರ್ಷ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ದೀಪ ಮಂಕಾಗುವಂತೆ ಮಾಡಿಸಿಕೊಂಡರೆ ಲಾಭ ನಿಮ್ಮದೇ. ಎಚ್ಚರಿಕೆ ಬಂದಾಗ ಮಾತ್ರ ಅದು ತಾನೇ ಪೂರ್ತಿ ಬೆಳಗಬೇಕು.

ಇನ್ನು ಭಾಷೆ. ಪರದೆಯನ್ನು ಓದುವವರು ಯಾರು? ಸಂಘದ ಕಾರ್ಯದರ್ಶಿ, ಹಾಲು ಅಳೆಯುವವರು, ರಾತ್ರಿ ಕಾಯುವ ಮುದುಕಪ್ಪ. ಮಹಿಳಾ ಸಂಘವಾದರೆ ತಾಯಂದಿರು. ಬರಹವು ಕನ್ನಡದಲ್ಲಿರಬೇಕೆಂಬುದು ಅಭಿಮಾನದ ಮಾತು ಮಾತ್ರವಲ್ಲ, ಹಾಲು ಉಳಿಯುವ ಮಾತು. ಕನ್ನಡ ಬರುತ್ತದೆಯೇ ಎಂದು ಕೇಳಿದರೆ ಎಲ್ಲರೂ ಬರುತ್ತದೆ ಎನ್ನುತ್ತಾರೆ. ಆದರೆ ಅನೇಕ ಅಗ್ಗದ ಪರದೆಗಳಿಗೆ ಒತ್ತಕ್ಷರವನ್ನೂ ಗುಣಿತವನ್ನೂ ಕೂಡಿಸಲು ಬರುವುದಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡಿದಂತೆ ಕಾಣುತ್ತವೆ. ‘ಉಷ್ಣತೆ ಹೆಚ್ಚಾಗಿದೆ’, ‘ಸಂಪರ್ಕ ತಪ್ಪಿದೆ’ ಎಂಬ ಎರಡು ವಾಕ್ಯಗಳನ್ನು ಬರೆಸಿ ನೋಡಿರಿ. ಒತ್ತುಗಳು, ಅರ್ಕಾವತ್ತು ಸರಿಯಾಗಿ ಕೂತರೆ ಪರದೆಗೆ ಕನ್ನಡ ಬರುತ್ತದೆ. ಕೂರದಿದ್ದರೂ ಉಪಾಯವಿದೆ. ಬರಹವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, ಚಿತ್ರವಾಗಿ ಪರದೆಗೆ ಹಾಕಬಹುದು. ಎಚ್ಚರಿಕೆಯ ವಾಕ್ಯಗಳು ಹೆಚ್ಚೆಂದರೆ ಮೂವತ್ತು ನಲವತ್ತು ಇರುತ್ತವೆ, ಅದು ಒಂದು ದಿನದ ಕೆಲಸ.

7 ಅಂಗುಲದ ಪರದೆ ಎಂದರೆ ಮೂಲೆಯಿಂದ ಮೂಲೆಗೆ ಅಳತೆ. ಅಗಲ ಸುಮಾರು 15 ಸೆಂಟಿಮೀಟರ್, ಎತ್ತರ 9ಕ್ಕೂ ಸ್ವಲ್ಪ ಕಡಮೆ. ಹಾಲಿನ ಕೋಣೆಗೆ ಇದು ಸಾಕು, ಆದರೆ ಅದರೊಳಗೆ ಇಪ್ಪತ್ತು ಅಂಕಿಗಳನ್ನು ತುರುಕಕೂಡದು. ಹಾಲಿನ ಉಷ್ಣತೆ ಮಾತ್ರ ಎರಡು ಮೀಟರ್ ದೂರದಿಂದ ಕಾಣುವಷ್ಟು, ಅಂದರೆ ಒಂದು ಸೆಂಟಿಮೀಟರಿಗೆ ಕಡಮೆಯಿಲ್ಲದಷ್ಟು, ದಪ್ಪವಾಗಿರಲಿ. ಗುಂಡಿಯ ಚಿತ್ರಗಳು ಹೆಬ್ಬೆಟ್ಟಿಗಿಂತ ಸಣ್ಣವಾಗಿರಬಾರದು. ಕೆಂಪು ಹಸಿರುಗಳ ಭೇದ ಕಾಣದ ಗಂಡಸರು ಎಲ್ಲ ಊರಿನಲ್ಲೂ ಕೆಲವರಿರುತ್ತಾರೆ, ಬಹಳ ವೇಳೆ ಅದು ಅವರಿಗೇ ತಿಳಿದಿರುವುದಿಲ್ಲ. ಆದ್ದರಿಂದ ಬಣ್ಣದ ಜೊತೆಗೆ ‘ಓಡುತ್ತಿದೆ’, ‘ನಿಂತಿದೆ’ ಎಂಬ ಮಾತೂ ಇರಬೇಕು. ಅಗ್ಗದ ಪರದೆಗಳನ್ನು ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಬಣ್ಣವೇ ತಿರುಗಿ ಕಾಣುತ್ತದೆ. ಆದಕಾರಣ ಗೋಡೆಗೆ ಹೊಡೆಯುವಾಗ ಆರಡಿ ಎತ್ತರದ ಮಿಸ್ತ್ರಿಯ ಕಣ್ಣಿನ ಮಟ್ಟಕ್ಕಲ್ಲ, ದಿನವೂ ನೋಡುವವರ ಕಣ್ಣಿನ ಮಟ್ಟಕ್ಕೆ ಹೊಡೆಯಿರಿ.

ಕೊನೆಗೆ ಕರಾರು ಪತ್ರ. ಪರದೆ ಒಡೆದರೆ ಹೊಸ ಪರದೆ ತರಬಹುದು, ಆದರೆ ಅದರೊಳಗಿನ ಕ್ರಮವಿಧಿ ಇಲ್ಲದಿದ್ದರೆ ಅದು ಬರಿಯ ಹಲಗೆ. ಒಂದು ಕಂಪನಿಯ ಪರದೆಗೆ ಬರೆದದ್ದು ಸಾಮಾನ್ಯವಾಗಿ ಇನ್ನೊಂದು ಕಂಪನಿಯದಕ್ಕೆ ನಡೆಯದು. ಪರದೆಯ ಮತ್ತು ನಿಯಂತ್ರಕದ ಕ್ರಮವಿಧಿಗಳ ಪ್ರತಿಯನ್ನು, ಗುಪ್ತಪದಗಳ ಸಮೇತ, ಪೆನ್ ಡ್ರೈವಿನಲ್ಲಿ ಹಾಕಿ ಸಂಘಕ್ಕೆ ಒಪ್ಪಿಸತಕ್ಕದ್ದು ಎಂದು ಕರಾರಿನಲ್ಲೇ ಬರೆಸಿರಿ. ಒಂದು ಪ್ರತಿ ಸಂಘದ ಬೀರುವಿನಲ್ಲಿ, ಇನ್ನೊಂದು ಅಧ್ಯಕ್ಷರ ಮನೆಯಲ್ಲಿ ಇರಲಿ. ಕಡೆಯ ಕಂತನ್ನು ಅದು ಕೈಸೇರಿದ ಮೇಲೆ ಕೊಡಿ. ಮೊದಲೇ ಕೊಟ್ಟು, ಮಾಡಿಕೊಟ್ಟವನು ಊರು ಬಿಟ್ಟು ಹೋದಮೇಲೆ ಇಡೀ ಪ್ಯಾನೆಲನ್ನೇ ಹೊಸದಾಗಿ ಮಾಡಿಸಿದವರನ್ನು ನಾನು ಬಲ್ಲೆ.

ಯಂತ್ರ ನೋಡಲು ಹೋಗುವ ದಿನ ಅಧ್ಯಕ್ಷರು ನಿರ್ದೇಶಕರುಗಳಷ್ಟೇ ಹೋಗಬೇಡಿ. ದಿನವೂ ತೊಟ್ಟಿ ತೊಳೆಯುವವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಒಂದು ಚೊಂಬು ನೀರು ತರಿಸಿ, ಅವರು ಕೈ ಅದ್ದಿಕೊಂಡು, ಯಾರೂ ಹೇಳಿಕೊಡದೆ, ಉಷ್ಣತೆ ಎಷ್ಟಿದೆಯೆಂದು ಓದಲಿ. ಕಲಕುವ ರೆಕ್ಕೆಯನ್ನು ನಡೆಸಿ ನಿಲ್ಲಿಸಲಿ. ಮಾರುವವನು ‘ಇಲ್ಲಿ ಒತ್ತಿ, ಅಲ್ಲಿ ಒತ್ತಿ’ ಎಂದು ನಡುವೆ ಬಾಯಿ ಹಾಕದಂತೆ ಅಧ್ಯಕ್ಷರು ನೋಡಿಕೊಳ್ಳಲಿ.